ಕೀ ಮೇಲೋ, ಡೈರೆಕ್ಟೋ?

ಲಾರಿಗೆ ಹೊಸದಾಗಿ ಏನನ್ನಾದರೂ ಹಾಕಿಸಲು ಹೋದರೆ ಆಟೋ ಎಲೆಕ್ಟ್ರಿಷಿಯನ್ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾನೆ: "ಲೈನು ಕೀ ಮೇಲೆ ಕೊಡ್ಲೋ, ಡೈರೆಕ್ಟ್ ಕೊಡ್ಲೋ?" ಕೀ ಮೇಲೆ ಕೊಟ್ಟರೆ ಗಾಡಿಯ ಕೀ ತಿರುಗಿಸಿದಾಗ ಮಾತ್ರ ಆ ಸಾಧನಕ್ಕೆ ಕರೆಂಟು. ಕೀ ತೆಗೆದರೆ ಅದೂ ಮಲಗುತ್ತದೆ. ಡೈರೆಕ್ಟ್ ಕೊಟ್ಟರೆ ತಂತಿ ನೇರ ಬ್ಯಾಟರಿಗೆ ಹೋಗುತ್ತದೆ. ಎಂಜಿನ್ ನಿಂತರೂ, ಡ್ರೈವರ್ ಇಳಿದು ಊಟಕ್ಕೆ ಹೋದರೂ ಆ ಸಾಧನ ಎಚ್ಚರವಾಗಿಯೇ ಇರುತ್ತದೆ. ಹಾರ್ನು, ಹಾಡಿನ ಪೆಟ್ಟಿಗೆ, ಕ್ಯಾಬಿನ್ನಿನ ಫ್ಯಾನು ಯಾವುದಕ್ಕೇ ಆದರೂ ಇದು ತೀರ ವ್ಯಾವಹಾರಿಕ ಪ್ರಶ್ನೆ. ದಾರಿ ತೋರಿಸುವ ಸಾಧನಗಳ ವಿಷಯಕ್ಕೆ ಬಂದಾಗ ಮಾತ್ರ ಇದು ನೀತಿಯ ಪ್ರಶ್ನೆಯಾಗುತ್ತದೆ ಎಂದು ನನಗೆ ಅನ್ನಿಸಿದೆ.

ಶಿರಾ ಹತ್ತಿರ ಹೆದ್ದಾರಿಯ ಪಕ್ಕದ ಅಂಗಡಿಯೊಂದರಲ್ಲಿ ಈ ಮಾತು ನನ್ನ ಕಿವಿಗೆ ಬಿತ್ತು. ಡ್ರೈವರನ ಕೈಯಲ್ಲಿ ಎರಡು ವಸ್ತುಗಳಿದ್ದವು. ಒಂದು, ಡ್ಯಾಶ್‌ಬೋರ್ಡಿನ ಮೇಲೆ ಕೂರಿಸಿ ಮ್ಯಾಪ್ ನೋಡುವುದಕ್ಕೆ ಫೋನಿನ ಸ್ಟ್ಯಾಂಡೂ ಚಾರ್ಜರೂ. ಇನ್ನೊಂದು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಕಪ್ಪು ಪೆಟ್ಟಿಗೆ. ಅದಕ್ಕೆ ಪರದೆಯಿಲ್ಲ, ಗುಂಡಿಯಿಲ್ಲ, ಒಳಗೊಂದು ಸಿಮ್ ಕಾರ್ಡು ಮಾತ್ರ. "ಚಾರ್ಜರ್ ಕೀ ಮೇಲಿರ್ಲಿ ಸಾಬ್ರೇ. ಈ ಡಬ್ಬಿ ಓನರ್ ಕೊಟ್ಟಿರೋದು, ಡೈರೆಕ್ಟೇ ಕೊಡ್ಬೇಕು ಅಂದವ್ರೆ," ಎಂದ. ತಂತಿಯ ಸಿಪ್ಪೆ ಬಿಡಿಸುತ್ತಿದ್ದ ಸಾಬರು ತಲೆ ಎತ್ತದೆ ಹೇಳಿದರು: "ಹಂಗಾದ್ರೆ ನೀನು ಮಲಗಿದ್ರೂ ಇದು ಮಲಗಲ್ಲ ಕಣಪ್ಪಾ."

ಒಂದೇ ಬ್ಯಾಟರಿ, ಎರಡು ಸಾಧನ. ಎರಡೂ ನೋಡುವುದು ಅದೇ ಉಪಗ್ರಹಗಳನ್ನು. ಒಂದು ಡ್ರೈವರನಿಗೆ ದಾರಿ ತೋರಿಸುತ್ತದೆ, ಇನ್ನೊಂದು ದಾರಿಯಲ್ಲಿರುವ ಡ್ರೈವರನನ್ನು ತೋರಿಸುತ್ತದೆ. ಇವೆರಡರ ನಡುವಿನ ಅಂತರವೇ ಈ ಬರಹದ ವಸ್ತು. ಆದರೆ ಅದಕ್ಕೂ ಮುಂಚೆ ಲಾರಿಯ ಕರೆಂಟಿನ ಬಗ್ಗೆ ಸ್ವಲ್ಪ ಹೇಳಬೇಕು. ವಿಷಯ ತಂತಿಯಲ್ಲೇ ಇದೆ.

ಭಾರಿ ಲಾರಿಗಳ ವಿದ್ಯುತ್ ವ್ಯವಸ್ಥೆ 24 ವೋಲ್ಟಿನದು. ಕಾರಿನಲ್ಲಿ 12 ವೋಲ್ಟಿನ ಒಂದು ಬ್ಯಾಟರಿ ಇದ್ದರೆ, ಲಾರಿಯಲ್ಲಿ ಅಂಥವು ಎರಡು, ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ. ಎಂಜಿನ್ ಓಡುವಾಗ ಆಲ್ಟರ್ನೇಟರ್ ಸುಮಾರು 28 ವೋಲ್ಟ್ ಕೊಟ್ಟು ಇವನ್ನು ತುಂಬಿಸುತ್ತದೆ. ಮೊಬೈಲಿಗೆ ಸಾಮಾನ್ಯವಾಗಿ ಬೇಕಾದ್ದು 5 ವೋಲ್ಟ್. ಹಾಗಾಗಿ ನಡುವೆ ವೋಲ್ಟೇಜ್ ಇಳಿಸುವ ಸಾಧನವೊಂದು ಬೇಕು. ಕಾರಿಗೆಂದೇ ಮಾಡಿದ ಅಗ್ಗದ ಚಾರ್ಜರನ್ನು ಲಾರಿಗೆ ಚುಚ್ಚಿದರೆ ಅದು ಸುಟ್ಟುಹೋಗಬಹುದು. ಫ್ಯೂಸನ್ನು ಬ್ಯಾಟರಿಯ ಹತ್ತಿರವೇ ಹಾಕಬೇಕು, ಯಾಕೆಂದರೆ ಫ್ಯೂಸು ಮುಖ್ಯವಾಗಿ ಕಾಯುವುದು ತಂತಿಯನ್ನು. ಕೊನೆಯಲ್ಲಿ ಸಾಧನದ ಪಕ್ಕ ಹಾಕಿದರೆ ಬ್ಯಾಟರಿಯಿಂದ ಅಲ್ಲಿಯವರೆಗಿನ ತಂತಿಗೆ ದಿಕ್ಕಿಲ್ಲ.

ಈ ಸಾಧನಗಳು ಎಳೆಯುವ ಕರೆಂಟು ಬಹಳ ಕಡಿಮೆ. ಫೋನು 10 ವ್ಯಾಟ್ ಎಳೆದರೂ 24 ವೋಲ್ಟಿನಲ್ಲಿ ಅದು ಅರ್ಧ ಆಂಪಿಯರಿಗಿಂತ ಕಡಿಮೆ; ಎಂಜಿನ್ ಓಡುವಾಗ ಅದು ಲೆಕ್ಕಕ್ಕೇ ಇಲ್ಲ. ಕಪ್ಪು ಪೆಟ್ಟಿಗೆಯದು ಇನ್ನೂ ಕಡಿಮೆ. ಅದು 50 ಮಿಲಿಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಆದರೆ ಅದು ಡೈರೆಕ್ಟ್. ದಿನಕ್ಕೆ 1.2 ಆಂಪಿಯರ್-ಅವರ್, ಲಾರಿ ಒಂದು ತಿಂಗಳು ಶೆಡ್ಡಿನಲ್ಲಿ ನಿಂತರೆ 36. 120 ಆಂಪಿಯರ್-ಅವರಿನ ಬ್ಯಾಟರಿಯಲ್ಲಿ ಹತ್ತರಲ್ಲಿ ಮೂರು ಪಾಲು ಯಾರಿಗೂ ಗೊತ್ತಾಗದೆ ಹೋಯಿತು. ಬ್ಯಾಟರಿಯನ್ನು ಕೊಲ್ಲುವುದು ಯಾವಾಗಲೂ ದೊಡ್ಡ ಹೊರೆಯಲ್ಲ. ಸ್ಟಾರ್ಟರ್ ಮೋಟಾರು ನೂರಾರು ಆಂಪಿಯರ್ ಎಳೆದರೂ ಕೆಲವೇ ಕ್ಷಣದಲ್ಲಿ ಬಿಟ್ಟುಬಿಡುತ್ತದೆ. ಬಿಡುವೇ ಕೊಡದ ಸಣ್ಣ ಹೊರೆ ಹೆಚ್ಚು ಅಪಾಯಕಾರಿ.

ಇನ್ನು ಉಪಗ್ರಹದ ಕಡೆ. ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20 ಸಾವಿರ ಕಿಲೋಮೀಟರ್ ಮೇಲೆ ಸುತ್ತುತ್ತಾ ತಮ್ಮ ಸಮಯವನ್ನೂ ತಾವಿರುವ ಜಾಗವನ್ನೂ ಸಾರುತ್ತಿರುತ್ತವೆ. ಕೆಳಗಿರುವ ಸಾಧನ ಕನಿಷ್ಠ ನಾಲ್ಕು ಉಪಗ್ರಹಗಳ ದನಿ ಕೇಳಿಸಿಕೊಂಡು, ದನಿ ತಲುಪಲು ಹಿಡಿದ ಸಮಯದ ಲೆಕ್ಕ ಹಾಕಿ, ತಾನೆಲ್ಲಿದ್ದೇನೆ ಎಂದು ತಾನೇ ಕಂಡುಕೊಳ್ಳುತ್ತದೆ. ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ 2013ರಲ್ಲಿ ಕೇಂದ್ರ ತೆರೆದ ನಮ್ಮದೇ ನಾವಿಕ್ ವ್ಯವಸ್ಥೆಯ ತತ್ವವೂ ಇದೇ. ಇದರಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿಯಿದೆ. ಇದು ಒಮ್ಮುಖ ಮಾತು. ಉಪಗ್ರಹ ಹೇಳುತ್ತದೆ, ಸಾಧನ ಕೇಳುತ್ತದೆ. ಯಾರು ಕೇಳುತ್ತಿದ್ದಾರೆ, ಎಲ್ಲಿದ್ದಾರೆ ಎಂಬುದು ಉಪಗ್ರಹಕ್ಕೆ ಗೊತ್ತೇ ಆಗುವುದಿಲ್ಲ. ಹಳ್ಳಿಯ ದೇವಸ್ಥಾನದ ಗಂಟೆಗೆ ಅದನ್ನು ಕೇಳಿ ಎದ್ದವರು ಯಾರೆಂದು ತಿಳಿಯುತ್ತದೆಯೇ? ಹಾಗೆ. ದಾರಿ ತಿಳಿಯುವ ವಿದ್ಯೆ ತನ್ನ ಮೂಲದಲ್ಲಿ ಯಾರ ಗುಟ್ಟನ್ನೂ ಬಿಟ್ಟುಕೊಡುವುದಿಲ್ಲ. ಸಿಮ್ ಕಾರ್ಡು ಸೇರಿದ ಮೇಲೆ ಮಾತ್ರ "ನಾನು ಇಲ್ಲಿದ್ದೇನೆ" ಎಂಬ ಅರಿವು "ಅವನು ಅಲ್ಲಿದ್ದಾನೆ" ಎಂಬ ವರದಿಯಾಯಿತು. ಡ್ರೈವರನ ಫೋನಿನೊಳಗೂ ಸಿಮ್ ಇದೆ, ಅದೂ ಎಲ್ಲಿಗೋ ವರದಿ ಒಪ್ಪಿಸುತ್ತಿರುತ್ತದೆ ನಿಜ. ಆದರೆ ಅದನ್ನು ಆರಿಸುವ ಗುಂಡಿ ಅವನ ಕೈಯಲ್ಲಿದೆ. ಪೆಟ್ಟಿಗೆಗೆ ಗುಂಡಿಯೇ ಇಲ್ಲ.

ಮಾಲೀಕನ ವಾದ ಸಣ್ಣದಲ್ಲ. ನಮ್ಮಲ್ಲಿ ಲಾರಿ ಮಾಲೀಕರೆಂದರೆ ಎಲ್ಲರೂ ದೊಡ್ಡ ಕಂಪನಿಗಳವರಲ್ಲ. ಒಂದೋ ಎರಡೋ ಲಾರಿ ಇಟ್ಟುಕೊಂಡು, ತಿಂಗಳ ಕಂತು ಕಟ್ಟುತ್ತಾ, ತಾವೂ ಒಂದು ಕಾಲದಲ್ಲಿ ಡ್ರೈವರಾಗಿದ್ದವರು ಬಹಳ. ಲಕ್ಷಾಂತರ ರೂಪಾಯಿಯ ಗಾಡಿ, ಅದರ ಮೇಲೆ ಬೇರೆಯವರ ಮಾಲು, ಟ್ಯಾಂಕಿನಲ್ಲಿ ನೂರಾರು ಲೀಟರ್ ಡೀಸೆಲ್. ಇಷ್ಟನ್ನೂ ಒಬ್ಬನ ಕೈಗೆ ಕೊಟ್ಟು ಕಳಿಸಿ, ಮೂರು ದಿನ ಸುದ್ದಿಯಿಲ್ಲದೆ ಕಾಯುವ ಕಷ್ಟ ಕಡೆಗಣಿಸುವಂಥದ್ದಲ್ಲ. ಅಪಘಾತವಾದರೆ ಗಾಡಿ ಎಲ್ಲಿದೆ ಎಂದು ಗೊತ್ತಾಗುವುದು ಡ್ರೈವರನ ಜೀವಕ್ಕೂ ಒಳ್ಳೆಯದೇ. ಬಸ್ಸು, ಟ್ಯಾಕ್ಸಿಗಳಂಥ ಪ್ರಯಾಣಿಕರ ಸೇವಾ ವಾಹನಗಳಿಗೆ, 2019ರ ಜನವರಿ 1ರಿಂದ ನೋಂದಣಿಯಾಗುವವುಗಳಿಗೆ, ಸರ್ಕಾರವೇ ಇಂಥ ಪೆಟ್ಟಿಗೆಯನ್ನೂ ತುರ್ತು ಗುಂಡಿಯನ್ನೂ ಕಡ್ಡಾಯ ಮಾಡಿತು. ಎಐಎಸ್ 140 ಎಂಬ ಆ ಮಾನದಂಡದ ಪ್ರಕಾರ ಪೆಟ್ಟಿಗೆಯೊಳಗೇ ಒಂದು ಪುಟ್ಟ ಬ್ಯಾಟರಿಯೂ ಇರಬೇಕು, ಯಾರಾದರೂ ಲಾಗಾಯಿತಿನ ತಂತಿ ಕಿತ್ತರೆ ಅದು ಕೂಡಲೇ ಸುದ್ದಿ ಕಳಿಸಬೇಕು. ರಾತ್ರಿ ಒಬ್ಬಳೇ ಟ್ಯಾಕ್ಸಿ ಹತ್ತುವ ಹೆಣ್ಣುಮಗಳ ದೃಷ್ಟಿಯಿಂದ ನೋಡಿದರೆ ಡೈರೆಕ್ಟ್ ಲೈನೇ ಸರಿ.

ಸಾರ್ವಜನಿಕ ಹಿತದ ವಾದವೂ ಇದೆ. ಬಳ್ಳಾರಿಯ ಅದಿರು ಲಾರಿಗಳನ್ನು ನಾವು ಮರೆತಿಲ್ಲ. 2011ರ ಲೋಕಾಯುಕ್ತ ವರದಿ ಅಕ್ರಮ ಗಣಿಗಾರಿಕೆಯನ್ನೂ ಸಾಗಣೆಯನ್ನೂ ಬಯಲಿಗೆಳೆಯಿತು. ಪ್ರತಿ ಲಾರಿಯ ಜಾಡು ಸಿಕ್ಕಿದ್ದರೆ ಅಷ್ಟು ಲೂಟಿ ಆಗುತ್ತಿತ್ತೇ ಎಂದು ಕೇಳಬಹುದು. ಕೇಳಬೇಕಾದದ್ದೇ. ಆದರೆ ಆ ಲಾರಿಗಳು ಅಡಗಿಕೊಂಡು ಓಡಾಡಿರಲಿಲ್ಲ. ಹಗಲು ಹೊತ್ತಿನಲ್ಲಿ, ಊರಿನ ನಡುವೆ, ಕೆಂಪು ಧೂಳೆಬ್ಬಿಸುತ್ತಾ ಹೋದವು. ರಸ್ತೆ ಬದಿಯ ಮಕ್ಕಳಿಗೂ ಕಾಣುತ್ತಿತ್ತು. ಕಾಣದೆ ಹೋದದ್ದು ನೋಡಬೇಕಾದ ಸ್ಥಾನದಲ್ಲಿ ಕೂತವರಿಗೆ. ಅಂದರೆ ಕಣ್ಣಿನ ಕೊರತೆಯಿಂದ ಆಗುವ ಅನ್ಯಾಯಕ್ಕಿಂತ ಕಣ್ಣು ಯಾರ ಕಡೆ ತಿರುಗಿದೆ ಎಂಬುದರಿಂದ ಆಗುವ ಅನ್ಯಾಯ ಹೆಚ್ಚು. ಕಣ್ಣು ಸದಾ ಕೆಳಗಡೆಗೇ ತಿರುಗುತ್ತದೆ. ಡ್ರೈವರ್ ಎಲ್ಲಿದ್ದಾನೆ ಎಂದು ಮಾಲೀಕನಿಗೆ ಗೊತ್ತು. ಬಾಡಿಗೆಯ ಹಣ ಎಲ್ಲಿದೆ ಎಂದು ಡ್ರೈವರನಿಗೆ ಗೊತ್ತಿಲ್ಲ.

ಡ್ರೈವರನ ಕಡೆಯಿಂದ ನೋಡಿದರೆ ಲಾರಿಯ ಕ್ಯಾಬಿನ್ನು ಕೆಲಸದ ಜಾಗ ಮಾತ್ರವಲ್ಲ, ಮನೆ. ಸೀಟಿನ ಹಿಂದಿನ ಹಲಗೆಯೇ ಮಂಚ, ಕನ್ನಡಿಯ ಮೇಲಿನ ಫೋಟೋವೇ ದೇವರಮನೆ. ಕಚೇರಿಯ ಗುಮಾಸ್ತನನ್ನು ಗಮನಿಸುವ ಕ್ಯಾಮೆರಾ ಅವನು ಮನೆಗೆ ಹೊರಟಾಗ ಹಿಂದೆ ಬರುವುದಿಲ್ಲ. ಲಾರಿಗೆ ಹಾಕಿದ ಪೆಟ್ಟಿಗೆ ಮನೆಯೊಳಗೇ ಇರುತ್ತದೆ. ಅದು ಕಳಿಸುವುದು ಒಂದು ಚುಕ್ಕೆಯನ್ನು. ಚುಕ್ಕೆ ಓಡುತ್ತಿದೆ ಅಥವಾ ನಿಂತಿದೆ, ಇಷ್ಟೇ ಅದರ ಭಾಷೆ. ನಿಂತದ್ದಕ್ಕೆ ಕಾರಣ ಹೇಳಲು ಅದಕ್ಕೆ ಬರುವುದಿಲ್ಲ. ಕಣ್ಣು ಕೂರುತ್ತಿತ್ತು, ಹೊಟ್ಟೆ ಕೆಟ್ಟಿತ್ತು, ಮುಂದೆ ಬಿದ್ದಿದ್ದ ಬೈಕಿನವನನ್ನು ಎತ್ತಿ ಕೂರಿಸುತ್ತಿದ್ದ, ಮಗಳ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ, ಇವೆಲ್ಲವೂ ಚುಕ್ಕೆಯ ಲೆಕ್ಕದಲ್ಲಿ ಒಂದೇ: ನಿಂತಿದೆ. ಆಗ ಫೋನು ಬರುತ್ತದೆ, "ಯಾಕೋ ನಿಂತಿದೀಯಾ?" 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ದಿನಕ್ಕೆ ಎಂಟು ಗಂಟೆ ಕೆಲಸ, ಐದು ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ಬಿಡುವು ಎಂದು ಬರೆದಿತ್ತು. ಮನಸ್ಸು ಮಾಡಿದರೆ ಇದೇ ಪೆಟ್ಟಿಗೆ "ಇವನು ಹತ್ತು ಗಂಟೆಯಿಂದ ಓಡಿಸುತ್ತಿದ್ದಾನೆ, ನಿಲ್ಲಿಸಿ" ಎಂದೂ ಹೇಳಬಹುದು. ಲೆಕ್ಕ ಅದರಲ್ಲೇ ಇದೆ. ಆದರೆ ಓಡುತ್ತಿರುವ ಚುಕ್ಕೆಯನ್ನು ನೋಡಿ ಚಿಂತೆಗೊಂಡು ಫೋನ್ ಮಾಡುವವರು ಎಷ್ಟು ಮಂದಿ? ನಿಂತ ಚುಕ್ಕೆ ಮಾತ್ರ ಕಣ್ಣಿಗೆ ಚುಚ್ಚುತ್ತದೆ.

"ತಪ್ಪು ಮಾಡದವನಿಗೆ ಭಯವೇಕೆ?" ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ಇದಕ್ಕೆ ಉತ್ತರ ಹುಡುಕುವಾಗ ನನಗೆ ನೆನಪಾಗುವುದು ನಾವೆಲ್ಲ ಶಾಲೆಯಲ್ಲಿ ಕೇಳಿದ ಕನಕದಾಸರ ಬಾಳೆಹಣ್ಣಿನ ಕತೆ. ಗುರು ವ್ಯಾಸರಾಯರು ಶಿಷ್ಯರಿಗೆಲ್ಲ ಒಂದೊಂದು ಹಣ್ಣು ಕೊಟ್ಟು, ಯಾರೂ ಇಲ್ಲದ ಕಡೆ ತಿಂದು ಬನ್ನಿ ಎನ್ನುತ್ತಾರೆ. ಎಲ್ಲರೂ ಮೂಲೆ ಹುಡುಕಿ ತಿಂದು ಬರುತ್ತಾರೆ. ಕನಕ ಮಾತ್ರ ಹಣ್ಣನ್ನು ಹಾಗೇ ಹಿಡಿದು ತರುತ್ತಾನೆ, ದೇವರಿಲ್ಲದ ಜಾಗ ಸಿಗಲಿಲ್ಲ ಎಂದು. ಈ ಕತೆಯನ್ನು ನಾವು ಕನಕನ ಭಕ್ತಿಯ ಕತೆಯಾಗಿ ಕಲಿತೆವು. ಅದರಲ್ಲಿ ಗುರುವಿನ ಪಾತ್ರವನ್ನು ಒಮ್ಮೆ ನೋಡಿ. ಅವರು ಶಿಷ್ಯರ ಹಿಂದೆ ಯಾರನ್ನೂ ಕಳಿಸಲಿಲ್ಲ. ಪ್ರತಿ ಶಿಷ್ಯನ ಬೆನ್ನಿಗೆ ಒಬ್ಬ ಆಳನ್ನು ಬಿಟ್ಟಿದ್ದರೆ ಏನಾಗುತ್ತಿತ್ತು? ಎಲ್ಲರೂ ಹಣ್ಣು ಹಿಡಿದೇ ವಾಪಸು ಬರುತ್ತಿದ್ದರು. ಮಠದ ಅಂಗಳದಲ್ಲಿ ತಿನ್ನದ ಹಣ್ಣುಗಳ ಸಾಲೇ ಇರುತ್ತಿತ್ತು. ಅವುಗಳ ನಡುವೆ ಕನಕನ ಹಣ್ಣು ಯಾವುದೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಬಿಡುವಿಲ್ಲದ ಕಾವಲು ಮಾಡುವ ನಷ್ಟ ಇದು. ಅದು ಕಳ್ಳನನ್ನು ಹಿಡಿಯಬಹುದು. ಆದರೆ ಪ್ರಾಮಾಣಿಕನನ್ನು ಗುರುತಿಸುವ ದಾರಿಯನ್ನೂ ಮುಚ್ಚುತ್ತದೆ. ಇಪ್ಪತ್ತು ವರ್ಷ ಒಂದು ಲೀಟರ್ ಡೀಸೆಲ್ ಕದಿಯದ ಡ್ರೈವರನೂ, ನಿನ್ನೆ ಸೇರಿ ಪೆಟ್ಟಿಗೆಗೆ ಹೆದರಿ ಸುಮ್ಮನಿರುವವನೂ ಪರದೆಯ ಮೇಲೆ ಒಂದೇ ಬಣ್ಣದ ಚುಕ್ಕೆ. ಮೊದಲನೆಯವನಿಗೆ ಇದು ಅವಮಾನ. ತಪ್ಪು ಮಾಡದವನಿಗೆ ಭಯ ಇಲ್ಲದಿರಬಹುದು; ನೋವು ಇರುವುದು ಅವನಿಗೇ.

ಯಾರಾದರೂ ಕೇಳಬಹುದು: ಕನಕನ ದೇವರೂ ಡೈರೆಕ್ಟ್ ಲೈನಿನವನೇ ಅಲ್ಲವೇ, ಅವನೂ ಮಲಗುವುದಿಲ್ಲವಲ್ಲ? ಒಳ್ಳೆಯ ಪ್ರಶ್ನೆ. ಆದರೆ ಅಲ್ಲಿ ಎರಡು ವ್ಯತ್ಯಾಸಗಳಿವೆ. ಆ ಸಾಕ್ಷಿಯನ್ನು ಕನಕ ತಾನಾಗಿ ಒಪ್ಪಿಕೊಂಡಿದ್ದಾನೆ, ಅದು ಅವನ ಒಳಗಿನ ಶಕ್ತಿಯಿಂದಲೇ ಉರಿಯುವ ದೀಪ. ಜೊತೆಗೆ ಎಲ್ಲವನ್ನೂ ನೋಡುವವನು ಕಾರಣವನ್ನೂ ನೋಡುತ್ತಾನೆ. ನಿಂತದ್ದನ್ನು ಕಂಡವನಿಗೆ ಯಾಕೆ ನಿಂತ ಎಂಬುದೂ ಕಾಣುತ್ತದೆ. ಪೆಟ್ಟಿಗೆ ಹಾಗಲ್ಲ. ಅದರ ನೋಟ ಅರೆ ನೋಟ. ಆ ನೋಟದ ಮೇಲೆ ನಡೆಯುವ ಅಧಿಕಾರ ಮಾತ್ರ ಪೂರ್ತಿ. ದೇವರ ಹಾಗೆ ಎಚ್ಚರವಿದ್ದು ಕುರುಡನ ಹಾಗೆ ತೀರ್ಪು ಕೊಡುವ ಸಾಕ್ಷಿಯನ್ನು ಯಾರು ತಾನೇ ಒಪ್ಪಿಯಾರು?

ಈ ಇಕ್ಕಟ್ಟು ನಮ್ಮೊಬ್ಬರದೇ ಅಲ್ಲ. ಅಮೆರಿಕದಲ್ಲಿ ಲಾರಿ ಚಾಲಕರ ದುಡಿಮೆಯ ಗಂಟೆಗಳನ್ನು ದಾಖಲಿಸಲು ಎಂಜಿನ್ನಿಗೇ ಜೋಡಿಸುವ ವಿದ್ಯುನ್ಮಾನ ಪುಸ್ತಕವನ್ನು ತರಲು ಹೊರಟಾಗ ಚಾಲಕರೇ ನ್ಯಾಯಾಲಯಕ್ಕೆ ಹೋದರು. ಈ ಸಾಧನವನ್ನು ಚಾಲಕರ ಕಿರುಕುಳಕ್ಕೆ ಬಳಸದಂತೆ ನೋಡಿಕೊಳ್ಳುವುದು ಹೇಗೆಂದು ಸಾರಿಗೆ ಇಲಾಖೆ ಸರಿಯಾಗಿ ಯೋಚಿಸಿಲ್ಲವೆಂದು 2011ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ನಿಯಮವನ್ನೇ ತಳ್ಳಿಹಾಕಿತು. 2017ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಹೊಸ ನಿಯಮದಲ್ಲಿ ಎರಡು ಪುಟ್ಟ ಸಂಗತಿಗಳಿವೆ. ಚಾಲಕ ಕೆಲಸ ಮುಗಿಸಿ ಲಾರಿಯನ್ನು ಸ್ವಂತಕ್ಕೆ ಓಡಿಸುವಾಗ ಸಾಧನ ಅವನ ಜಾಗವನ್ನು ಸುಮಾರು ಹತ್ತು ಮೈಲಿಯ ತ್ರಿಜ್ಯದಷ್ಟು ಮಸುಕಾಗಿ ಮಾತ್ರ ದಾಖಲಿಸಬೇಕು. ಅವನು ಮಲಗುವ ಬರ್ತಿನಲ್ಲಿದ್ದಾಗ ಸಾಧನದ ಸದ್ದು ಅಡಗಿಸಲು ಸಾಧ್ಯವಿರಬೇಕು. ಆ ನಿಯಮದಿಂದ ಅಲ್ಲಿನ ಚಾಲಕರ ಕಷ್ಟವೆಲ್ಲ ಮುಗಿಯಿತೆಂದಲ್ಲ. ಅದರ ಬಗ್ಗೆ ಅಲ್ಲಿ ಇನ್ನೂ ಜಗಳವಿದೆ. ನನ್ನನ್ನು ತಟ್ಟಿದ್ದು ಬೇರೆ. ಕೆಲವೇ ಮೀಟರುಗಳ ನಿಖರತೆಯಲ್ಲಿ ನೋಡಬಲ್ಲ ಯಂತ್ರಕ್ಕೆ, ಇಷ್ಟು ಹೊತ್ತಿನಲ್ಲಿ ನೀನು ಮಸುಕಾಗಿ ನೋಡು ಎಂದು ಕಾನೂನು ಹೇಳುತ್ತದೆ. ಸ್ನಾನದ ಮನೆಯ ಬಾಗಿಲು ತೆರೆದಿದ್ದರೂ ಮುಖ ತಿರುಗಿಸಿಕೊಂಡು ಹೋಗುವ ಸಭ್ಯತೆಯನ್ನು ಯಂತ್ರಕ್ಕೂ ಕಲಿಸಬಹುದು ಎಂದಾಯಿತು.

ಹಾಗಾದರೆ ಪೆಟ್ಟಿಗೆಯ ಲೈನು ಹೇಗಿರಬೇಕು? ನನ್ನ ಉತ್ತರ ಇದು. ಗಾಡಿಗೆ ಡೈರೆಕ್ಟ್ ಇರಲಿ, ಮನುಷ್ಯನಿಗೆ ಕೀ ಮೇಲಿರಲಿ. ಕಳ್ಳತನವಾಗದಂತೆ ನೋಡಿಕೊಳ್ಳಲು ಪೆಟ್ಟಿಗೆ ಎಚ್ಚರವಿರಬೇಕು ನಿಜ. ಕೀ ಇಲ್ಲದೆ ಗಾಡಿ ಕದಲಿದರೆ ಅದು ಕೂಗಲಿ, ಅಪಘಾತವಾದರೆ ಕೂಗಲಿ. ಆದರೆ ಕೀ ತೆಗೆದು ಡ್ರೈವರ್ ವಿರಮಿಸುವಾಗ ಅವನ ಚುಕ್ಕೆ ಯಾರ ಪರದೆಯ ಮೇಲೂ ಮಿನುಗುವ ಅಗತ್ಯವಿಲ್ಲ. ಮಾಲೀಕನಿಗೆ ಕಾಣುವುದೆಲ್ಲ ಡ್ರೈವರನಿಗೂ ಕಾಣಬೇಕು; ಹತ್ತು ಗಂಟೆ ಓಡಿಸಿದ ಲೆಕ್ಕ ಅವನ ಸಾಕ್ಷಿಯೂ ಆಗಬೇಕು. ಎಲ್ಲಕ್ಕಿಂತ ಮೊದಲು, ಪೆಟ್ಟಿಗೆ ಹಾಕುವ ವಿಷಯ ಅವನಿಗೆ ಗೊತ್ತಿರಬೇಕು. ಸೀಟಿನಡಿ ಅಡಗಿಸಿಟ್ಟ ಪೆಟ್ಟಿಗೆ, ಅದನ್ನು ಕಂಡ ದಿನ, ಡೀಸೆಲ್ ಕಳ್ಳತನಕ್ಕಿಂತ ದೊಡ್ಡ ನಷ್ಟ ಮಾಡುತ್ತದೆ.

ಆ ನಷ್ಟ ಎಂಥದ್ದೆಂದು ಎಲೆಕ್ಟ್ರಿಷಿಯನ್ನರಿಗೆ ಚೆನ್ನಾಗಿ ಗೊತ್ತು. 24 ವೋಲ್ಟಿನ ಲಾರಿಯಲ್ಲಿ 12 ವೋಲ್ಟಿನ ಸಾಧನ ಓಡಿಸಲು ಕೆಲವರು ಒಂದು ಅಡ್ಡದಾರಿ ಹಿಡಿಯುತ್ತಾರೆ. ವೋಲ್ಟೇಜ್ ಇಳಿಸುವ ಸಾಧನಕ್ಕೆ ದುಡ್ಡು ಹಾಕದೆ, ಎರಡು ಬ್ಯಾಟರಿಗಳ ಪೈಕಿ ಒಂದರಿಂದ ಮಾತ್ರ ತಂತಿ ಎಳೆಯುತ್ತಾರೆ. ಆ ದಿನ ಕೆಲಸ ನಡೆಯುತ್ತದೆ. ಆದರೆ ಎರಡೂ ಬ್ಯಾಟರಿಗಳಿಗೆ ಚಾರ್ಜು ಬರುವುದು ಒಂದೇ ಸಾಲಿನಲ್ಲಿ. ಹೊರೆ ಹೊತ್ತ ಬ್ಯಾಟರಿ ಎಂದೂ ಪೂರ್ತಿ ತುಂಬುವುದಿಲ್ಲ, ಹೊರದ ಬ್ಯಾಟರಿ ಅಗತ್ಯ ಮೀರಿ ತುಂಬಿ ನೀರು ಕುದಿದು ಒಣಗುತ್ತದೆ. ಒಂದು ಹಸಿವಿನಿಂದ, ಇನ್ನೊಂದು ಅಜೀರ್ಣದಿಂದ ಸಾಯುತ್ತದೆ. ಮಾಲೀಕ ಮತ್ತು ಡ್ರೈವರ್ ಕೂಡ ಹೀಗೆ ಒಂದೇ ಸಾಲಿನಲ್ಲಿ ಜೋಡಿಸಿದವರು. ನಂಬಿಕೆಯ ಹೊರೆಯನ್ನೆಲ್ಲ ಒಬ್ಬನಿಂದಲೇ ಎಳೆದರೆ, ಒಬ್ಬ ಸದಾ ಪರೀಕ್ಷೆಗೆ ಒಳಗಾಗುತ್ತಾ ಬರಿದಾಗುತ್ತಾನೆ, ಇನ್ನೊಬ್ಬ ಅನುಮಾನದಲ್ಲೇ ಕುದಿಯುತ್ತಾನೆ. ಇಡೀ ರಾತ್ರಿ ಪರದೆ ನೋಡುತ್ತಾ ಕೂರುವ ಮಾಲೀಕನಿಗೂ ನಿದ್ದೆಯಿಲ್ಲ ತಾನೇ?

ಇದನ್ನು ಓದುವ ವಿದ್ಯಾರ್ಥಿಗಳಲ್ಲಿ ಕೆಲವರ ಫೋನಿನಲ್ಲಿ ಈಗಲೂ ಲೈವ್ ಲೊಕೇಶನ್ ಉರಿಯುತ್ತಿರಬಹುದು. ಹಾಸ್ಟೆಲಿಗೆ ಸೇರುವ ದಿನ ಅಪ್ಪನೋ ಅಣ್ಣನೋ ಅದನ್ನು ಹಾಕಿಸಿರುತ್ತಾರೆ, ಹೆಚ್ಚಾಗಿ ಹೆಣ್ಣುಮಕ್ಕಳ ಫೋನಿನಲ್ಲಿ. ಅದರಲ್ಲಿ ಪ್ರೀತಿಯಿದೆ, ಭಯವಿದೆ, ಅಧಿಕಾರವೂ ಇದೆ. ಮೂರೂ ಒಂದೇ ತಂತಿಯಲ್ಲಿ ಹರಿಯುವುದರಿಂದ ಬಿಡಿಸಿ ನೋಡುವುದು ಕಷ್ಟ. ಊಟ ತಂದುಕೊಡುವ ಹುಡುಗನ ಚುಕ್ಕೆ ತಿರುವಿನಲ್ಲಿ ಎರಡು ನಿಮಿಷ ನಿಂತರೆ ನಾವೂ ಚಡಪಡಿಸುತ್ತೇವೆ. ಒಂದು ಫೋನಿನಲ್ಲಿ ನಾವೇ ಡ್ರೈವರು, ಅದೇ ಫೋನಿನಲ್ಲಿ ನಾವೇ ಮಾಲೀಕರು. ಹಾಗಾಗಿ ಈ ಪ್ರಶ್ನೆಯನ್ನು ಹೆದ್ದಾರಿಯವರಿಗೆ ಬಿಟ್ಟು ನಾವು ಆಚೆ ನಿಲ್ಲುವ ಹಾಗಿಲ್ಲ.

ನಿಯಮ ಬರಲಿ, ತಂತಿ ಸರಿಯಾಗಲಿ. ಅಲ್ಲಿಯವರೆಗೂ, ಅದಾದ ಮೇಲೂ, ಯಂತ್ರ ಮಾಡಲಾಗದ ಒಂದು ಕೆಲಸ ಉಳಿಯುತ್ತದೆ. ರಾತ್ರಿ ಎರಡು ಗಂಟೆಗೆ ಮಾಲೀಕನಿಗೆ ಎಚ್ಚರವಾಗುತ್ತದೆ. ಪರದೆ ನೋಡುತ್ತಾನೆ. ಹಿರಿಯೂರಿನ ಆಚೆ ಚುಕ್ಕೆ ನಿಂತಿದೆ, ಒಂದು ಗಂಟೆಯಿಂದ ಕದಲಿಲ್ಲ. ನಾಳೆ ಬೆಳಿಗ್ಗೆ ಮಾಲು ಇಳಿಯಬೇಕು. ಬೆರಳು ಹಸಿರು ಗುಂಡಿಯ ಹತ್ತಿರ ಹೋಗುತ್ತದೆ. ಅವನಿಗೂ ಒಂದು ಕಾಲದಲ್ಲಿ ಆ ರಸ್ತೆಯಲ್ಲಿ ಕಣ್ಣು ಕೂತದ್ದುಂಟು. ಮಲಗಿರಬೇಕು, ಮಲಗಲಿ ಎಂದುಕೊಂಡು ಫೋನನ್ನು ಬೋರಲು ಹಾಕಿ ತಾನೂ ಮಗ್ಗುಲಾಗುತ್ತಾನೆ. ಹೀಗೆ ಮಾಡುವ ಮಾಲೀಕರು ಇದ್ದಾರೆ. ಅವರ ಆ ಸಂಯಮ ಯಾವ ದಾಖಲೆಯಲ್ಲೂ ಸೇರುವುದಿಲ್ಲ, ಹಲಗೆಯ ಮೇಲೆ ಮಲಗಿದವನಿಗೂ ಅದು ತಿಳಿಯುವುದಿಲ್ಲ.